ಎರಡು ಚಂದ್ರರನ್ನು ಕಂಡ ಹುಡುಗಿ ಮತ್ತು ಎರ್ನ್‌ಸ್ಟ್ ಅಬ್ಬೆ

ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಸುವರ್ಣ ಮಹೋತ್ಸವ ಸಮಿತಿಯವರು ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಶಾಲೆಯ ಗೋಡೆಯ ಮೇಲಿದ್ದ ಪಟಗಳು. ಗಾಂಧೀಜಿ, ಅಂಬೇಡ್ಕರ್, ವಿಶ್ವೇಶ್ವರಯ್ಯ, ಸಿ. ವಿ. ರಾಮನ್. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳು ಈ ಸಂಚಿಕೆಯಲ್ಲೇ ಇದ್ದಾರೆ. ನಾನು ಆ ಗೋಡೆಯ ಮೇಲೆ ಇಲ್ಲದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರ ಹೆಸರು ಎರ್ನ್‌ಸ್ಟ್ ಅಬ್ಬೆ. ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಇವರು ಜರ್ಮನಿಯ ಭೌತವಿಜ್ಞಾನಿ, ತೀರಿಕೊಂಡು ನೂರು ವರ್ಷದ ಮೇಲಾಯಿತು. ಸೂಕ್ಷ್ಮದರ್ಶಕದ ಪಾಠ ಓದಿದವರಿಗೆಲ್ಲ ಗೊತ್ತಿರುವ ಹೆಸರು. ಆದರೆ ನಾನು ಅವರನ್ನು ಹುಡುಕಿಕೊಂಡು ಹೋದದ್ದು ಪುಸ್ತಕದ ದಾರಿಯಲ್ಲಲ್ಲ, ನಾನೇ ಮಾಡಿದ ಒಂದು ತಪ್ಪಿನ ದಾರಿಯಲ್ಲಿ. ಮೊದಲು ಆ ತಪ್ಪನ್ನು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಶಾಲೆಯ ವಿಜ್ಞಾನ ಸಂಘಕ್ಕೆ ಒಂದು ಬೈನಾಕ್ಯುಲರ್ ತಂದುಕೊಟ್ಟಿದ್ದೆ. ಆನ್‌ಲೈನ್‌ನಲ್ಲಿ ಎರಡೂವರೆ ಸಾವಿರ ರೂಪಾಯಿಗೆ ಸಿಕ್ಕಿತ್ತು. 10x50, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 50 ಮಿಲಿಮೀಟರ್ ಅಗಲವಿರುವ ದುರ್ಬೀನು. ಚೌತಿಯ ಚಂದ್ರನನ್ನು ನೋಡಬಾರದು, ನೋಡಿದರೆ ಅಪವಾದ ಬರುತ್ತದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರಲ್ಲ, ಅದಕ್ಕೇ ಆರು ದಿನ ಕಾದು ದಶಮಿಯ ಸಂಜೆ ಮೋಡ ಸರಿದಾಗ ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆವು. ಒಬ್ಬೊಬ್ಬರೇ ನೋಡಿ ಆಹಾ ಎಂದು ಮುಂದೆ ಹೋದರು. ಎಂಟನೇ ತರಗತಿಯ ಒಬ್ಬ ಹುಡುಗಿ ಮಾತ್ರ ಕಣ್ಣು ತೆಗೆದು, ತನಗೆ ಇಬ್ಬರು ಚಂದ್ರರು ಕಾಣುತ್ತಿದ್ದಾರೆ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸರಿಯಾಗಿ ನೋಡಮ್ಮ ಎಂದು ಸ್ವಲ್ಪ ಗದರಿದೆ. ಮತ್ತೆ ನೋಡಿದಳು, ಮತ್ತೆ ಇಬ್ಬರೇ. ಹಾಗಾದರೆ ಕಣ್ಣಿನಲ್ಲೇ ಏನೋ ದೋಷವಿರಬೇಕು, ತೋರಿಸಿ ಎಂದು ನಾನೇ ಮೇಷ್ಟ್ರಿಗೆ ಹೇಳಿ ಬೆಂಗಳೂರಿನ ಬಸ್ಸು ಹತ್ತಿದೆ.

ಆಕೆಯ ತಂದೆ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ದಿನಗೂಲಿ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ಮಗಳನ್ನು ತಾಲ್ಲೂಕಿಗೆ ಕರೆದೊಯ್ದು ಕಣ್ಣು ತೋರಿಸಿಕೊಂಡು ಬಂದರು. ಕಣ್ಣಿನಲ್ಲಿ ಏನೂ ದೋಷವಿರಲಿಲ್ಲ. ಇದನ್ನು ಮೇಷ್ಟ್ರು ಫೋನಿನಲ್ಲಿ ಹೇಳಿದಾಗ ನನಗೆ ಮೊದಲ ಬಾರಿಗೆ ಅನುಮಾನ ಬಂದದ್ದು ಬೈನಾಕ್ಯುಲರ್ ಮೇಲೆ. ಚೌತಿ ಕಳೆದ ಮೇಲೆ ನೋಡಿದರೂ ಅಪವಾದ ಮಾತ್ರ ಆ ಹುಡುಗಿಯ ತಲೆಗೇ ಬಂದಿತ್ತು. ತಂದವನು ನಾನು.

ಬೈನಾಕ್ಯುಲರ್ ತರಿಸಿಕೊಂಡು ಮಹಡಿಯ ಮೇಲೆ ಸ್ಟ್ಯಾಂಡಿಗೆ ಬಿಗಿದು ದೂರದ ಮೊಬೈಲ್ ಟವರ್ ಕಡೆ ತಿರುಗಿಸಿದೆ. ಕಣ್ಣನ್ನು ಒಂದು ಗೇಣು ಹಿಂದಕ್ಕಿಟ್ಟು ನೋಡಿದರೆ ಬಲಗಡೆಯ ಟವರ್ ಎಡಗಡೆಯದಕ್ಕಿಂತ ಸ್ಪಷ್ಟವಾಗಿ ಮೇಲಿತ್ತು. ಎರಡು ಕೊಳವೆಗಳು ಒಂದೇ ದಿಕ್ಕಿಗೆ ನೋಡುತ್ತಿರಲಿಲ್ಲ. ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಪಕ್ಕಕ್ಕೆ ಎಳೆದರೆ ಸಾಲು ಹೇಗೆ ಕೆಡುತ್ತದೋ ಹಾಗೆ. ಒಂದು ಕೊಳವೆ ಕೂದಲೆಳೆಯಷ್ಟು ವಾಲಿದರೂ ಆ ವಾಲಿಕೆ ನಮ್ಮ ಕಣ್ಣಿಗೆ ಬರುವಾಗ ಸುಮಾರು ಹತ್ತು ಪಟ್ಟಾಗಿರುತ್ತದೆ. ನಮ್ಮ ಕಣ್ಣುಗಳು ಓದುವಾಗ ಒಳಕ್ಕೆ ತಿರುಗಿ ಅಭ್ಯಾಸವಿರುವುದರಿಂದ ಆ ಕಡೆಯ ಸಣ್ಣ ತಪ್ಪನ್ನು ಹೇಗೋ ಸಹಿಸುತ್ತವೆ. ಒಂದು ಕಣ್ಣು ಮೇಲೆ, ಒಂದು ಕೆಳಗೆ ನೋಡುವುದು ಅವಕ್ಕೆ ಆಗದ ಕೆಲಸ. ಸ್ವಲ್ಪವಿದ್ದರೆ ಕಣ್ಣಿನ ಸ್ನಾಯುಗಳು ಕಷ್ಟಪಟ್ಟು ಎರಡು ಚಿತ್ರಗಳನ್ನು ಒಂದು ಮಾಡುತ್ತವೆ, ಹತ್ತು ನಿಮಿಷಕ್ಕೆ ತಲೆನೋವು ಬರುತ್ತದೆ. ಹೆಚ್ಚಾದರೆ ಎರಡಾಗಿಯೇ ಕಾಣುತ್ತದೆ. ಆಹಾ ಎಂದ ಮಕ್ಕಳಲ್ಲಿ ಎಷ್ಟು ಜನರಿಗೆ ಎರಡು ಕಂಡಿತ್ತೋ ದೇವರಿಗೇ ಗೊತ್ತು. ಬಾಯಿಬಿಟ್ಟು ಹೇಳಿದವಳು ಒಬ್ಬಳೇ.

ರಬ್ಬರ್ ಹೊದಿಕೆ ಎತ್ತಿದರೆ ಪ್ರಿಸಂಗಳನ್ನು ಅಲುಗಿಸುವ ಚಿಕ್ಕ ಸ್ಕ್ರೂಗಳಿದ್ದವು. ಎರಡು ರಾತ್ರಿ ಕೂತು, ಒಂದು ನಕ್ಷತ್ರವನ್ನು ಎಡಗಣ್ಣಿಗೆ ಚುಕ್ಕಿಯಾಗಿ, ಬಲಗಣ್ಣಿಗೆ ಬೇಕೆಂದೇ ಮಸುಕಾದ ಬಿಲ್ಲೆಯಾಗಿ ಮಾಡಿಕೊಂಡು, ಚುಕ್ಕಿ ಬಿಲ್ಲೆಯ ನಡುವೆ ಬರುವವರೆಗೆ ಸ್ಕ್ರೂಗಳನ್ನು ಕಾಲು ಕಾಲು ತಿರುವು ತಿರುಗಿಸಿದೆ. ಸರಿಯಾಯಿತು. ಹೆಮ್ಮೆಯಿಂದ ಊರಿಗೆ ತಂದು ಅದೇ ಹುಡುಗಿಯ ಕೈಗೆ ಕೊಟ್ಟೆ. ಆಕೆ ತನ್ನ ಕಣ್ಣಿನ ಅಳತೆಗೆ ಬೈನಾಕ್ಯುಲರನ್ನು ಮಡಿಸಿಕೊಂಡು ನೋಡಿ, ಹೆದರುತ್ತ ಹೆದರುತ್ತ, ಸ್ವಲ್ಪ ಕಡಿಮೆಯಾಗಿದೆ, ಆದರೆ ಇನ್ನೂ ಇಬ್ಬರೇ ಸರ್ ಎಂದಳು. ನಾನು ಅಗಲಿಸಿ ನೋಡಿದರೆ ಒಬ್ಬನೇ, ಆಕೆ ಮಡಿಸಿ ನೋಡಿದರೆ ಇಬ್ಬರು.

ಬೆಂಗಳೂರಿನ ಹವ್ಯಾಸಿ ಆಕಾಶ ವೀಕ್ಷಕರೊಬ್ಬರು ಕಾರಣವನ್ನು ಬಿಡಿಸಿ ಹೇಳಿದರು. ಬೈನಾಕ್ಯುಲರಿನ ಎರಡು ಕೊಳವೆಗಳು ನಡುವಿನ ಕೀಲಿನ ಮೇಲೆ ಮಡಿಯುತ್ತವೆ. ನಾನು ಎರಡು ಕೊಳವೆಗಳನ್ನು ಪರಸ್ಪರ ಸಮಾಂತರ ಮಾಡಿದ್ದೆ, ಅದೂ ನನ್ನ ಕಣ್ಣುಗಳ ಅಂತರದಲ್ಲಿ ಮಾತ್ರ. ಎರಡನ್ನೂ ಕೀಲಿಗೆ ಸಮಾಂತರ ಮಾಡಿರಲಿಲ್ಲ. ಕೀಲಿಗೆ ಸರಿ ಮಾಡಿದರೆ ಯಾರು ಎಷ್ಟು ಮಡಿಸಿದರೂ ಸರಿ. ನನ್ನ ಕಣ್ಣಿಗೆ ಸರಿ ಮಾಡಿದರೆ ನನಗೊಬ್ಬನಿಗೇ ಸರಿ. ಅದಕ್ಕೆ ಅಳತೆಯ ಉಪಕರಣ ಬೇಕು, ಕಣ್ಣಂದಾಜು ಸಾಲದು. ಅಗ್ಗದ ಬೈನಾಕ್ಯುಲರುಗಳಲ್ಲಿ ಪ್ರಿಸಂಗಳನ್ನು ಪಟ್ಟಿ, ಅಂಟುಗಳಿಂದ ಕೂರಿಸಿರುತ್ತಾರೆ. ಈ ಕೊನೆಯ ಅಳತೆಯನ್ನು ಸರಿಯಾಗಿ ಮಾಡದೆ ಬಿಟ್ಟರೆ ಉಳಿತಾಯ ಮಾರುವವನಿಗೆ, ಶ್ರಮ ನೋಡುವವರ ಕಣ್ಣಿಗೆ.

ಇಂಥ ಅಳತೆಯನ್ನು ಮೊದಲು ಹಟ ಹಿಡಿದು ಕಾರ್ಖಾನೆಗೆ ತಂದವರು ಯಾರು ಎಂದು ಹುಡುಕುತ್ತ ಹೋದಾಗ ಸಿಕ್ಕವರು ಅಬ್ಬೆ.

ಅವರು ಹುಟ್ಟಿದ್ದು 1840ರ ಜನವರಿ 23ರಂದು, ಜರ್ಮನಿಯ ಐಸೆನಾಖ್ ಎಂಬ ಊರಿನಲ್ಲಿ. ತಂದೆ ನೂಲಿನ ಗಿರಣಿಯಲ್ಲಿ ಕೆಲಸಗಾರ, ಮುಂದೆ ಮೇಸ್ತ್ರಿಯಾದವರು. ಆ ಕಾಲದಲ್ಲಿ ಗಿರಣಿಯ ಕೆಲಸವೆಂದರೆ ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ. ಊಟಕ್ಕೆ ಬಿಡುವಿಲ್ಲ. ಪುಟ್ಟ ಎರ್ನ್‌ಸ್ಟ್ ಮನೆಯಿಂದ ಬುತ್ತಿ ಒಯ್ಯುತ್ತಿದ್ದ. ತಂದೆ ಯಂತ್ರಕ್ಕೆ ಒರಗಿ ನಿಂತೋ, ಪೆಟ್ಟಿಗೆಯ ಮೇಲೆ ಮುದುರಿ ಕೂತೋ ಗಬಗಬನೆ ತಿಂದು ಖಾಲಿ ಪಾತ್ರೆಯನ್ನು ಮಗನ ಕೈಗೆ ಕೊಟ್ಟು ಮತ್ತೆ ಕೆಲಸಕ್ಕೆ ತಿರುಗುತ್ತಿದ್ದರು. ಗಟ್ಟಿಮುಟ್ಟಾದ ಆ ಆಳು ನಡುವಯಸ್ಸಿಗೇ ಮುದುಕನಂತಾದರೆಂದು ಅಬ್ಬೆ ದೊಡ್ಡವರಾದ ಮೇಲೆ ಸಭೆಯಲ್ಲಿ ನೆನಪಿಸಿಕೊಂಡರು. ಬುತ್ತಿ ಹೊತ್ತ ಆ ದಿನಗಳನ್ನು ಅವರು ಕಡೆಯವರೆಗೂ ಮರೆಯಲಿಲ್ಲ.

ಹುಡುಗ ಜಾಣ. ಗಿರಣಿಯ ಮಾಲೀಕರ ನೆರವಿನಿಂದ ಓದು ಮುಂದುವರಿಯಿತು. ಯೇನಾ ಮತ್ತು ಗಾಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ಗಣಿತ, ಭೌತವಿಜ್ಞಾನ ಕಲಿತರು. ಗಾಟಿಂಗೆನ್‌ನಲ್ಲಿ ರೀಮನ್, ವೇಬರ್ ಅವರಂಥ ದೊಡ್ಡವರು ಗುರುಗಳಾಗಿದ್ದರು. 1861ರಲ್ಲಿ ಡಾಕ್ಟರೇಟ್ ಬಂದಾಗ ವಯಸ್ಸು 21. 1863ರಲ್ಲಿ ಯೇನಾಕ್ಕೆ ಮರಳಿ ಪಾಠ ಹೇಳತೊಡಗಿದರು. ಅಲ್ಲಿ ಅರ್ಹತೆಗಾಗಿ ಬರೆದ ಪ್ರಬಂಧದ ವಿಷಯವೇ ಅಳತೆಗಳಲ್ಲಿ ಬರುವ ತಪ್ಪುಗಳು ಹೇಗೆ ಹಂಚಿಕೆಯಾಗಿರುತ್ತವೆ ಎಂಬುದು. ತಪ್ಪನ್ನು ಬೈಯುವ ಬದಲು ಅಳೆಯಬೇಕು ಎಂಬ ಬುದ್ಧಿ ಅವರಿಗೆ ಆಗಲೇ ಇತ್ತು.

ಯೇನಾದಲ್ಲಿ ಕಾರ್ಲ್ ಝೈಸ್ ಎಂಬ ಕುಶಲಕರ್ಮಿ 1846ರಿಂದ ಒಂದು ಕಾರ್ಯಾಗಾರ ನಡೆಸುತ್ತಿದ್ದರು. ಅವರ ಸೂಕ್ಷ್ಮದರ್ಶಕಗಳಿಗೆ ಒಳ್ಳೆಯ ಹೆಸರಿತ್ತು. ಆದರೆ ಆಗಿನ ಕಾಲಕ್ಕೆ ಮಸೂರ ಮಾಡುವುದೆಂದರೆ ಉಜ್ಜಿ, ಜೋಡಿಸಿ, ನೋಡಿ, ಸರಿಬರದಿದ್ದರೆ ಇನ್ನೊಂದು ಮಸೂರ ಹಾಕಿ ಮತ್ತೆ ನೋಡುವುದು. ಒಂದು ಚೆನ್ನಾಗಿ ಬಂದರೆ ಇನ್ನೊಂದು ಹಾಗೇ ಬರುತ್ತದೆಂಬ ನಂಬಿಕೆಯಿಲ್ಲ. 1866ರಲ್ಲಿ ಝೈಸ್ ಅವರು ಅಬ್ಬೆಯನ್ನು ಕರೆದು, ಮೊದಲು ಲೆಕ್ಕ ಹಾಕಿ, ಆಮೇಲೆ ಲೆಕ್ಕದಂತೆ ಮಾಡುವ ಹಾಗೆ ಆಗಬೇಕು ಎಂದು ಕೆಲಸ ಒಪ್ಪಿಸಿದರು. ಅಬ್ಬೆ ಪ್ರತಿಯೊಂದು ಭಾಗವನ್ನೂ ಜೋಡಿಸುವ ಮುಂಚೆಯೇ ಅಳೆಯುವ ಉಪಕರಣಗಳನ್ನು ತಾವೇ ರೂಪಿಸಿದರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಿಡಿ ಭಾಗಗಳನ್ನು ಮೊದಲು ಟೆಸ್ಟ್ ಮಾಡಿ ಆಮೇಲೆ ಕೂಡಿಸಬೇಕೆಂದು ನಾವು ಇವತ್ತು ಹೊಸಬರಿಗೆ ಹೇಳಿಕೊಡುವುದೂ ಇದನ್ನೇ.

ಮೊದಲ ಫಲ ಮಾತ್ರ ನಿರಾಸೆ ತಂದಿತು. ಮಸೂರದ ದೋಷಗಳು ಕಡಿಮೆಯಾಗಲೆಂದು ಬೆಳಕಿನ ಕಿರಣಗಳ ಶಂಕುವನ್ನು ಕಿರಿದು ಮಾಡಿ ಲೆಕ್ಕ ಹಾಕಿದ್ದರು. ಲೆಕ್ಕದಂತೆಯೇ ಮಸೂರ ತಯಾರಾಯಿತು. ನೋಡಿದರೆ ಹಳೆಯ ಅಂದಾಜಿನ ಮಸೂರಗಳಿಗಿಂತ ಕಡಿಮೆ ವಿವರ ಕಂಡಿತು. ಲೆಕ್ಕ ತಪ್ಪಿರಲಿಲ್ಲ, ಕೆಲಸಗಾರರ ಕೈಯೂ ತಪ್ಪಿರಲಿಲ್ಲ. ತಪ್ಪಿದ್ದು ಊಹೆ. ಅದನ್ನೇ ಬೆನ್ನು ಹತ್ತಿದ ಅಬ್ಬೆ, ಸೂಕ್ಷ್ಮ ವಸ್ತುವಿನಿಂದ ಬೆಳಕು ಬಾಗಿ ಹರಡಿಕೊಳ್ಳುತ್ತದೆ, ಹಾಗೆ ಹರಡಿದ ಬೆಳಕನ್ನು ಮಸೂರ ಎಷ್ಟು ಅಗಲಕ್ಕೆ ಹಿಡಿಯುತ್ತದೋ ಅಷ್ಟೇ ವಿವರ ಕಾಣುತ್ತದೆ ಎಂದು ಕಂಡುಕೊಂಡು 1873ರಲ್ಲಿ ಪ್ರಕಟಿಸಿದರು. ಇದು ವಿವರ್ತನೆಯ ಪಾಠ. ಬೆಳಕಿನ ತರಂಗದೂರದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕಿಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರೆಬೇರೆಯಾಗಿ ತೋರಿಸಲಾರದು ಎಂಬ ಅವರ ಸೂತ್ರವನ್ನು ಯೇನಾದಲ್ಲಿ ಅವರ ಸ್ಮಾರಕದ ಕಲ್ಲಿನ ಮೇಲೆ ಕೆತ್ತಿದ್ದಾರೆ.

ಇದು ನಮಗೆ ದೂರದ ಮಾತಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡುವಾಗ ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ಎಣ್ಣೆ ಹಾಕಿ ಅದಕ್ಕೆ ಮಸೂರ ತಾಗಿಸಿ ನೋಡುತ್ತಾರೆ. ಹೆಚ್ಚು ಬೆಳಕು ಹಿಡಿಯುವ ಆ ಎಣ್ಣೆಯ ಮಸೂರವನ್ನು ಅಬ್ಬೆ 1878ರಲ್ಲಿ ಲೆಕ್ಕ ಹಾಕಿ ಸಿದ್ಧಪಡಿಸಿದರು. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದು ಅಂಥ ಮಸೂರ ಮತ್ತು ಅಬ್ಬೆ ರೂಪಿಸಿದ ಬೆಳಕಿನ ಸಾಧನದ ಸಹಾಯದಿಂದ. ಸೂಕ್ಷ್ಮದರ್ಶಕದ ಈ ಸುಧಾರಣೆಗಳಿಗೆ ಅಬ್ಬೆ ಪೇಟೆಂಟ್ ಹಿಡಿದು ಕೂರಲಿಲ್ಲ. ವಿಜ್ಞಾನದ ಉಪಕರಣ ಎಲ್ಲರಿಗೂ ಸಿಗಬೇಕೆಂಬುದು ಅವರ ನಿಲುವಾಗಿತ್ತು.

ಇನ್ನು ಬೈನಾಕ್ಯುಲರ್ ವಿಷಯ. ಎರಡು ಉಬ್ಬು ಮಸೂರಗಳ ದೂರದರ್ಶಕದಲ್ಲಿ ಚಿತ್ರ ತಲೆಕೆಳಗಾಗುತ್ತದೆ. ಅದನ್ನು ಪ್ರಿಸಂಗಳ ನಾಲ್ಕು ಪ್ರತಿಫಲನಗಳಿಂದ ನೆಟ್ಟಗೆ ಮಾಡುವ ಉಪಾಯವನ್ನು ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲೇ ಕಂಡುಕೊಂಡಿದ್ದರು. ಅಬ್ಬೆಯೂ ಸ್ವತಂತ್ರವಾಗಿ ಅದೇ ದಾರಿ ಹಿಡಿದು 1873ರ ವಿಯೆನ್ನಾ ವಸ್ತುಪ್ರದರ್ಶನದಲ್ಲಿ ಪ್ರಿಸಂ ದೂರದರ್ಶಕ ಇಟ್ಟಿದ್ದರು. ಇಬ್ಬರ ಉಪಾಯವೂ ಸರಿ, ಆದರೆ ಆಗಿನ ಗಾಜು ಅಷ್ಟು ಶುದ್ಧವಿರಲಿಲ್ಲ. ಅಬ್ಬೆ ಗಾಜಿಗೇ ಕೈಹಾಕಿದರು. ಓಟ್ಟೊ ಶಾಟ್ ಎಂಬ ತರುಣ ರಸಾಯನ ತಜ್ಞನನ್ನು ಯೇನಾಕ್ಕೆ ಕರೆಸಿಕೊಂಡು, ಝೈಸ್ ಅವರೊಡನೆ ಸೇರಿ 1884ರಲ್ಲಿ ಗಾಜಿನ ಕಾರ್ಖಾನೆ ತೆರೆದರು. ಒಳ್ಳೆಯ ಗಾಜು ಕೈಗೆ ಬಂದ ಮೇಲೆ 1894ರಲ್ಲಿ ಝೈಸ್ ಕಾರ್ಖಾನೆಯಿಂದ ಪ್ರಿಸಂ ಬೈನಾಕ್ಯುಲರುಗಳು ಹೊರಬಂದವು. ಇಂದು ಜಾತ್ರೆಯ ಅಂಗಡಿಯಲ್ಲಿ ಸಿಗುವ ಪ್ರಿಸಂ ದುರ್ಬೀನೂ ಅವುಗಳ ಸಂತತಿಯೇ. ಉಪಾಯ ಹೊಳೆದು ನಲವತ್ತು ವರ್ಷಗಳ ನಂತರ ಅದು ಜನರ ಕೈಗೆ ಸರಿಯಾಗಿ ಬಂತು. ನಡುವೆ ಇದ್ದದ್ದು ಗಾಜು ಮತ್ತು ಅಳತೆಯ ಕೆಲಸ.

ಇಷ್ಟಕ್ಕೇ ನಿಂತಿದ್ದರೆ ಅಬ್ಬೆ ಒಬ್ಬ ಒಳ್ಳೆಯ ಇಂಜಿನಿಯರ್ ಆಗಿ ಉಳಿಯುತ್ತಿದ್ದರು. ನನಗೆ ಅವರು ದೊಡ್ಡವರಾಗಿ ಕಂಡದ್ದು ಮುಂದಿನ ಕಾರಣಕ್ಕೆ. 1876ರಲ್ಲಿ ಅವರು ಕಾರ್ಖಾನೆಯ ಪಾಲುದಾರರಾಗಿದ್ದರು. ಬಡ ಕೆಲಸಗಾರನ ಮಗ ಶ್ರೀಮಂತನಾಗಿದ್ದ. ಬರ್ಲಿನ್ನಿಗೆ ಬನ್ನಿ ಎಂದು ಹೆಲ್ಮ್‌ಹೋಲ್ಟ್ಸ್ ಅವರಂಥವರು ಕರೆದರೂ ಹೋಗಲಿಲ್ಲ. 1888ರಲ್ಲಿ ಝೈಸ್ ತೀರಿಕೊಂಡರು. ಮರುವರ್ಷ ಅಬ್ಬೆ ಒಂದು ಪ್ರತಿಷ್ಠಾನ ಸ್ಥಾಪಿಸಿದರು. ಅದಕ್ಕೆ ತಮ್ಮ ಹೆಸರಿಡದೆ ಕಾರ್ಲ್ ಝೈಸ್ ಹೆಸರಿಟ್ಟರು. 1891ರಲ್ಲಿ ಕಾರ್ಖಾನೆಯಲ್ಲಿ ತಮಗಿದ್ದ ಪಾಲನ್ನು ಆ ಪ್ರತಿಷ್ಠಾನಕ್ಕೆ ಬರೆದುಕೊಟ್ಟು, ತಾವು ಕಟ್ಟಿದ ಕಾರ್ಖಾನೆಯಲ್ಲಿ ತಾವೇ ಸಂಬಳದ ಆಡಳಿತಗಾರರಾಗಿ ಉಳಿದರು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳಿದ್ದರು ಎಂಬುದನ್ನು ನೆನೆದರೆ ಆ ಸಹಿ ಎಷ್ಟು ಭಾರದ್ದೆಂದು ನಮ್ಮಂಥ ಸಂಸಾರಸ್ಥರಿಗೆ ತಿಳಿಯುತ್ತದೆ.

1896ರಲ್ಲಿ ಅವರು ಬರೆದ ಪ್ರತಿಷ್ಠಾನದ ನಿಯಮಗಳು ಇಂದಿಗೂ ಓದಲು ತಕ್ಕವು. ಅತಿ ದೊಡ್ಡ ಅಧಿಕಾರಿಯ ಸಂಬಳ ಕೆಲಸಗಾರರ ಸರಾಸರಿ ಸಂಬಳದ ಹತ್ತು ಪಟ್ಟು ಮೀರಬಾರದು. ಕುಲ, ಧರ್ಮ, ಪಕ್ಷ ನೋಡಿ ಯಾರನ್ನೂ ಮೇಲು ಕೀಳು ಮಾಡಬಾರದು. ಪಿಂಚಣಿ ಮಾಲೀಕನ ದಯೆಯಲ್ಲ, ಕೆಲಸಗಾರನ ಹಕ್ಕು. ಸಂಬಳ ಸಹಿತ ರಜೆ, ಕೆಲಸದಿಂದ ತೆಗೆದರೆ ಪರಿಹಾರ. ಲಾಭದಲ್ಲಿ ಒಂದು ಭಾಗ ಯೇನಾ ವಿಶ್ವವಿದ್ಯಾಲಯಕ್ಕೆ, ಊರಿನ ಜನರ ಉಪಯೋಗಕ್ಕೆ. ಅಲ್ಲಿನ ಸಾರ್ವಜನಿಕ ಓದುವ ಮನೆಯೂ ಆ ಹಣದ ನೆರವಿನಿಂದ ಬೆಳೆದದ್ದು.

1900ರಲ್ಲಿ ದಿನದ ದುಡಿಮೆಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರು. ಅಲ್ಲಿಯೂ ಅವರು ಭಾವುಕರಾಗಿ ನಿಲ್ಲಲಿಲ್ಲ, ಅಳೆದರು. ತುಂಡಿನ ಲೆಕ್ಕದಲ್ಲಿ ದುಡಿಯುವವರ ಹಿಂದಿನ ವರ್ಷದ ಮತ್ತು ಆ ವರ್ಷದ ಕೆಲಸವನ್ನು ಹೋಲಿಸಿ ನೋಡಿದಾಗ, ಗಂಟೆಯೊಂದರ ಕೆಲಸ ಸುಮಾರು ಶೇ. 16ರಷ್ಟು ಹೆಚ್ಚಿತ್ತು. ಅಂದರೆ ಒಂಬತ್ತು ಗಂಟೆಯಲ್ಲಿ ಆಗುತ್ತಿದ್ದುದಕ್ಕಿಂತ ಎಂಟು ಗಂಟೆಯಲ್ಲಿ ಒಂದಿಷ್ಟು ಹೆಚ್ಚೇ ಆಗಿತ್ತು. ನಿಂತುಕೊಂಡೇ ಉಂಡ ತಂದೆಗೆ ಮಗ ಸಲ್ಲಿಸಿದ ಶ್ರಾದ್ಧ ಅದು ಎಂದು ನನಗನ್ನಿಸುತ್ತದೆ. ಆರೋಗ್ಯ ಕೆಟ್ಟು 1903ರಲ್ಲಿ ನಿವೃತ್ತರಾದ ಅಬ್ಬೆ 1905ರ ಜನವರಿ 14ರಂದು ತೀರಿಕೊಂಡರು. ಝೈಸ್ ಮತ್ತು ಶಾಟ್ ಕಂಪನಿಗಳು ಈಗಲೂ ಆ ಪ್ರತಿಷ್ಠಾನದ ಸ್ವತ್ತು. ಚಂದ್ರನ ಮೇಲೆ ಅಬ್ಬೆ ಹೆಸರಿನ ಒಂದು ಕುಳಿಯಿದೆ. ಅದಿರುವುದು ನಮಗೆ ಕಾಣದ ಆಚೆ ಬದಿಯಲ್ಲಿ, ಯಾವ ಬೈನಾಕ್ಯುಲರಿಗೂ ಸಿಗದು.

ಒಳ್ಳೆಯ ಮನಸ್ಸಿನ ಮಾಲೀಕರು ಆಗಲೂ ಇದ್ದರು. ಅಬ್ಬೆಯನ್ನು ಓದಿಸಿದವರೂ ಅಂಥ ಒಬ್ಬ ಮಾಲೀಕರೇ. ಆದರೆ ಅದೇ ಮಾಲೀಕರ ಗಿರಣಿಯಲ್ಲಿ ಅಬ್ಬೆಯ ತಂದೆ ನಿಂತುಕೊಂಡೇ ಉಂಡರು. ಒಬ್ಬರ ಒಳ್ಳೆಯತನ ಒಬ್ಬ ಹುಡುಗನಿಗೆ ಒದಗಿತು, ಉಳಿದವರಿಗೆ ಒದಗಲಿಲ್ಲ. ಅದು ನಾನು ನನ್ನ ಕಣ್ಣಿಗೆ ಸರಿಮಾಡಿಕೊಂಡ ಬೈನಾಕ್ಯುಲರಿನ ಹಾಗೆ. ಅಬ್ಬೆ ಮಾಡಿದ್ದು ಕೀಲಿಗೆ ಸರಿಮಾಡುವ ಕೆಲಸ. ತಾನಿರಲಿ ಇಲ್ಲದಿರಲಿ, ಮುಂದೆ ಯಾರು ಬಂದು ಹೇಗೆ ಮಡಿಸಿದರೂ ನ್ಯಾಯ ವಾಲಬಾರದು ಎಂದು ಅದನ್ನು ನಿಯಮವಾಗಿ ಬರೆದಿಟ್ಟರು.

ಸರ್ಕಾರಿ ಶಾಲೆಯಲ್ಲಿ ಓದಿದ ನಮಗೆ ಇದು ಬೇಗ ಅರ್ಥವಾಗಬೇಕು. ಈ ಶಾಲೆ ನಮಗೆ ಸಿಕ್ಕಿದ್ದು ಯಾರದೋ ದಾನವಾಗಿ ಅಲ್ಲ, ಹಕ್ಕಾಗಿ. ಯಾರ ಮಗ, ಯಾರ ಮಗಳು ಎಂದು ಕೇಳದೆ ಐವತ್ತು ವರ್ಷ ಬಾಗಿಲು ತೆರೆದಿದೆ. ನಾವು ಹಳೆಯ ವಿದ್ಯಾರ್ಥಿಗಳು ಕಂಪ್ಯೂಟರ್, ಪ್ರೊಜೆಕ್ಟರ್, ಬೈನಾಕ್ಯುಲರ್ ಎಂದು ಕೊಡುಗೆ ತರುತ್ತೇವೆ, ಹಾರ ಹಾಕಿಸಿಕೊಳ್ಳುತ್ತೇವೆ. ಸರ್ಕಾರಿ ಶಾಲೆಗೆ ತಾನೆ, ಇಷ್ಟು ಸಾಕು ಎಂದು ಅಗ್ಗದ್ದನ್ನು, ಪರೀಕ್ಷಿಸದೆ ತಂದರೆ ಅದರ ಬೆಲೆಯನ್ನು ಮಕ್ಕಳ ಕಣ್ಣು, ಅವರ ಅಪ್ಪನ ಕೂಲಿ ತೆರಬೇಕಾಗುತ್ತದೆ. ಮಗು ತನಗೆ ಎರಡು ಕಾಣುತ್ತದೆ ಎಂದರೆ ಮೊದಲು ಕೈಯಲ್ಲಿರುವ ಉಪಕರಣವನ್ನು ನೋಡೋಣ, ಆಮೇಲೆ ಮಗುವಿನ ಕಣ್ಣನ್ನು.

ಹಳೆಯ ಬೈನಾಕ್ಯುಲರಿನ ಒಂದು ಕೊಳವೆಗೆ ಕಪ್ಪು ಮುಚ್ಚಳ ಅಂಟಿಸಿದ್ದೇನೆ. ಒಂಟಿ ಕಣ್ಣಿನ ದೂರದರ್ಶಕವಾಗಿ ಅದು ಈಗ ಯಾರಿಗೂ ಸುಳ್ಳು ಹೇಳುವುದಿಲ್ಲ. ನಮ್ಮ 2004-05ರ ಬ್ಯಾಚಿನವರೆಲ್ಲ ಸೇರಿ ಹೊಸದೊಂದನ್ನು ಕೊಂಡಿದ್ದೇವೆ. ಅಗಲಿಸಿ, ಅರ್ಧ ಮಡಿಸಿ, ಪೂರ್ತಿ ಮಡಿಸಿ, ಮೂರು ಅಳತೆಯಲ್ಲೂ ನಕ್ಷತ್ರ ಒಂದೇ ಎಂದು ನೋಡಿಯೇ ತಂದಿದ್ದೇವೆ. ಸುವರ್ಣ ಮಹೋತ್ಸವದ ಸಂಜೆ ಅದರಲ್ಲಿ ಮೊದಲು ಚಂದ್ರನನ್ನು ನೋಡಬೇಕಾದವಳು ಆ ಹುಡುಗಿ. ಈಗ ಆಕೆ ಹತ್ತನೇ ತರಗತಿ. ಸರಿಯಿಲ್ಲ ಎಂದು ಆಕೆ ಹೇಳಿದರೆ ಅದನ್ನು ವಾಪಸು ಕೊಂಡೊಯ್ಯುತ್ತೇನೆ. ಅಂದು ನಕ್ಕಿದ್ದಕ್ಕೆ ಆಕೆಯಲ್ಲಿ, ಕಳೆದುಹೋದ ಒಂದು ದಿನದ ಕೂಲಿಗಾಗಿ ಆಕೆಯ ತಂದೆಯವರಲ್ಲಿ ಈ ಸಂಚಿಕೆಯ ಮೂಲಕ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ. 

— ಹಳೆಯ ವಿದ್ಯಾರ್ಥಿ (2004-05ರ ಎಸ್ಸೆಸ್ಸೆಲ್ಸಿ ಬ್ಯಾಚ್), ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು